ಅಜ್ಜಿಯ ಮಾತ್ರೆ ಕವರ್, ಮನೆಯ ನಾಯಿ ಮತ್ತು ನಾಲ್ಕು ಪ್ರಶ್ನೆ

ಊರಿನಿಂದ ಅಪ್ಪ-ಅಮ್ಮ ವಿಸಿಟ್ ವೀಸಾದಲ್ಲಿ ಬಂದರೆಂದರೆ ಕುವೈತಿನ ನಮ್ಮ ಮನೆಗಳಲ್ಲಿ ಹಬ್ಬದ ಕಳೆ. ಸೂಟ್‌ಕೇಸ್ ತೆರೆದರೆ ಹಪ್ಪಳ, ಉಪ್ಪಿನಕಾಯಿ, ಚಕ್ಕುಲಿ, ಸಾರಿನ ಪುಡಿ, ಮೊಮ್ಮಕ್ಕಳಿಗೆ ಕನ್ನಡದ ಕಥೆ ಪುಸ್ತಕ. ಎಲ್ಲದರ ಕೆಳಗೆ, ಸೀರೆಗಳ ನಡುವೆ, ಗಂಟು ಹಾಕಿದ ಒಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ಮೂರು ತಿಂಗಳಿಗಾಗುವಷ್ಟು ಮಾತ್ರೆ. ಬಿಪಿಗೆ, ಶುಗರಿಗೆ, ಥೈರಾಯ್ಡಿಗೆ, ಮಂಡಿನೋವಿಗೆ, ಜೊತೆಗೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ವಿಟಮಿನ್ ಡಿ. ಚಕ್ಕುಲಿಯ ಪಕ್ಕದಲ್ಲೇ ವಿಮಾನ ಹತ್ತಿ ಬಂದ ಆ ಕವರಿಗೆ ಚಕ್ಕುಲಿಯ ವಾಸನೆಯೂ ಹತ್ತಿರುತ್ತದೆ.

ಮನೆಯಲ್ಲಿ ನಾಯಿ ಇದ್ದರೆ ಆ ವಾಸನೆ ಮೊದಲು ತಲುಪುವುದು ಅದಕ್ಕೆ. ಅಜ್ಜಿ ಕವರನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಡುತ್ತಾರೆ, ಊರಲ್ಲಿ ಇಡುತ್ತಿದ್ದ ಹಾಗೆಯೇ. ಊರಲ್ಲಿ ನಾಯಿ ಅಂಗಳದಲ್ಲಿ ಇರುತ್ತಿತ್ತು. ಸಾಲ್ಮಿಯಾ, ಮಂಗಾಫ್, ಅಬ್ಬಾಸಿಯಾದ ಫ್ಲಾಟುಗಳಲ್ಲಿ ನಾಯಿ ನಮ್ಮ ಜೊತೆಯೇ ಎರಡು ಕೋಣೆಯೊಳಗೆ ಬದುಕುತ್ತದೆ. ಬೇಸಿಗೆಯಲ್ಲಂತೂ ಹಗಲಿಡೀ ಎಸಿಯ ಕೆಳಗೇ ಇರುತ್ತದೆ, ಬೇಸರವಾದರೆ ಸಿಕ್ಕಿದ್ದನ್ನು ಕಚ್ಚುತ್ತದೆ.

ಆದ್ದರಿಂದ ಈ ಸಲದ ಅಂಕಣ ಮಕ್ಕಳ ಭಾಷೆಯ ಬಗ್ಗೆಯೂ ಹೌದು, ಮನೆಯ ನಾಯಿಯ ಬಗ್ಗೆಯೂ ಹೌದು. ನಾಯಿ ಮಾತ್ರೆ ನುಂಗಿದ್ದನ್ನು ಮನೆಯಲ್ಲಿ ಮೊದಲು ನೋಡುವವರು ಎಷ್ಟೋ ಸಲ ಮಕ್ಕಳೇ. ಅವರು ನೋಡಿದ್ದನ್ನು ಸರಿಯಾಗಿ, ಬೇಗ, ಹೆದರದೆ ಹೇಳಬಲ್ಲರೇ ಎಂಬುದರ ಮೇಲೆ ಆ ಪ್ರಾಣಿಯ ಜೀವ ನಿಂತಿರಬಹುದು.

ನಮಗೆ ಮದ್ದು, ಅದಕ್ಕೆ ಯಾಕೆ ವಿಷ?

ಮಕ್ಕಳು ಕೇಳುವ ಮೊದಲ ಪ್ರಶ್ನೆ ಇದು: “ನಂಗೆ ಜ್ವರ ಬಂದಾಗ ಪನಡಾಲ್ ಕೊಡ್ತೀಯಲ್ಲ ಅಮ್ಮಾ, ನಾಯಿಗೆ ಯಾಕೆ ಬೇಡ?” ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ನಮ್ಮ ರಾಮನಗರದ ಕಥೆಯನ್ನೇ ಹೇಳಬಹುದು.

‘ಶೋಲೆ’ ಸಿನಿಮಾ ಚಿತ್ರೀಕರಣವಾದ ರಾಮನಗರದ ಬಂಡೆಗಳಲ್ಲಿ ರಾಮದೇವರಬೆಟ್ಟವೂ ಒಂದು. ಅಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದವು. 2012ರಲ್ಲಿ ಅದನ್ನು ರಣಹದ್ದು ಧಾಮವೆಂದು ಸರ್ಕಾರ ಘೋಷಿಸಿತು. ಯಾಕೆಂದರೆ ಅಷ್ಟರಲ್ಲಿ ಭಾರತದ ಆಕಾಶದಿಂದ ರಣಹದ್ದುಗಳು ಹೆಚ್ಚುಕಡಿಮೆ ಮಾಯವಾಗಿದ್ದವು. 1990ರ ದಶಕದಿಂದ ಅವು ಸಾಲುಸಾಲಾಗಿ ಸತ್ತವು. ಬಿಳಿಬೆನ್ನಿನ ರಣಹದ್ದಿನ ಸಂಖ್ಯೆ ನೂರಕ್ಕೆ 99ರಷ್ಟು ಕುಸಿಯಿತು. ಕಾರಣ ಗೊತ್ತಾದದ್ದು 2004ರ ಹೊತ್ತಿಗೆ: ಡೈಕ್ಲೋಫಿನಾಕ್. ನಾವು ಬೆನ್ನುನೋವಿಗೆ ನುಂಗುವ ವೋವೆರಾನ್, ಇಲ್ಲಿ ಸಿಗುವ ವೋಲ್ಟರೆನ್, ಎರಡರಲ್ಲೂ ಇರುವುದು ಅದೇ. ಊರಲ್ಲಿ ಅದನ್ನು ದನಗಳಿಗೂ ಚುಚ್ಚುತ್ತಿದ್ದರು. ದನಕ್ಕೆ ಅದು ಒಗ್ಗುತ್ತಿತ್ತು. ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಮಾತ್ರ ಕೆಟ್ಟು ಹೋಗುತ್ತಿತ್ತು. 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಡೈಕ್ಲೋಫಿನಾಕ್ ಕೊಡುವುದನ್ನು ನಿಷೇಧಿಸಿತು.

ಒಂದೇ ಮದ್ದು. ಮನುಷ್ಯನಿಗೆ ಒಂದು ಥರ, ದನಕ್ಕೆ ಒಂದು ಥರ, ಹದ್ದಿಗೆ ಇನ್ನೊಂದು ಥರ. ಪ್ರತಿ ಪ್ರಾಣಿಯ ಯಕೃತ್ತು ಮದ್ದನ್ನು ತನ್ನದೇ ರೀತಿಯಲ್ಲಿ ಒಡೆದು ಹೊರಹಾಕುತ್ತದೆ. ನಾಯಿಯದು ನಮ್ಮಂತಿಲ್ಲ. ಬೆಕ್ಕಿನದು ನಾಯಿಯಂತೆಯೂ ಇಲ್ಲ. ಇಷ್ಟು ಹೇಳಿದರೆ ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಇನ್ನೊಂದು ಮಾತನ್ನೂ ಸೇರಿಸಿ: “ನಾಯಿಗೆ ಹುಷಾರಿಲ್ಲ ಅನ್ನಿಸಿದರೆ ನಮಗೆ ಹೇಳು. ನೀನೇ ಮದ್ದು ಕೊಡಬೇಡ.” ಪ್ರೀತಿಯಿಂದಲೇ ನಾಯಿಗೆ ಮಾತ್ರೆ ಕೊಡುವ ಮಕ್ಕಳಿದ್ದಾರೆ, ದೊಡ್ಡವರೂ ಇದ್ದಾರೆ.

ಮೊದಲ ಐದು ನಿಮಿಷ

ಹರಿದ ಕವರ್, ನೆಲದ ಮೇಲೆ ಚೂರಾದ ಮಾತ್ರೆ, ಪಕ್ಕದಲ್ಲಿ ಬಾಲ ಅಲ್ಲಾಡಿಸುತ್ತಿರುವ ನಾಯಿ. ಈಗ ಏನು ಮಾಡಬೇಕು?

ಮೊದಲು ಮನೆಯ ಚಿಕ್ಕ ಮಗುವನ್ನು ನೋಡಿ. ನಾಯಿ ಮಾತ್ರೆ ಚೆಲ್ಲಿದ ಜಾಗದಲ್ಲಿ ಎರಡು ವರ್ಷದ ಮಗುವೂ ಆಡುತ್ತಿದ್ದರೆ, ಬಾಯಿ ನೋಡಿ, ಕೈ ನೋಡಿ. ಮಗು ಒಂದನ್ನಾದರೂ ಬಾಯಿಗೆ ಹಾಕಿರಬಹುದು ಎಂಬ ಸಣ್ಣ ಸಂಶಯ ಬಂದರೂ ಕಾಯಬೇಡಿ, 112ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ಕ್ಯಾಶುವಾಲಿಟಿಗೆ ಹೋಗಿ. “ಚೆನ್ನಾಗಿಯೇ ಆಡ್ತಿದೆಯಲ್ಲ” ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಪ್ಯಾರಾಸಿಟಮಾಲ್ ಹೆಚ್ಚಾದರೆ ಮೊದಲ ದಿನ ಏನೂ ತೋರದೆ ಇರಬಹುದು. ನಾಯಿಗಿಂತ ಮಗು ಮೊದಲು. 112 ಮನುಷ್ಯರ ತುರ್ತಿಗೆ ಇರುವ ನಂಬರ್, ನಾಯಿಗಲ್ಲ.

ಆಮೇಲೆ ನಾಯಿಯನ್ನು ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಿ. ಬಾಯಿಯಲ್ಲಿ ಇನ್ನೂ ಇದ್ದರೆ, ಕಚ್ಚದ ನಾಯಿಯಾದರೆ ಮಾತ್ರ, ತೆಗೆಯಿರಿ. ಗಂಟಲೊಳಗೆ ಬೆರಳು ಹಾಕಬೇಡಿ. ಮನೆಯಲ್ಲಿ ಎರಡು ನಾಯಿ ಇದ್ದರೆ, ಅಥವಾ ಒಂದು ನಾಯಿ ಒಂದು ಬೆಕ್ಕು ಇದ್ದರೆ, ಎರಡೂ ತಿಂದಿವೆ ಎಂದೇ ಲೆಕ್ಕ ಹಾಕಿ.

ಚೂರುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿಡಿ. ಸ್ಟ್ರಿಪ್, ಪೆಟ್ಟಿಗೆ, ಚೀಟಿ ಯಾವುದನ್ನೂ ಎಸೆಯಬೇಡಿ. ಸೋಫಾದ ಕೆಳಗೂ ಒಮ್ಮೆ ಟಾರ್ಚ್ ಹಾಕಿ ನೋಡಿ. ಅಷ್ಟರಲ್ಲಿ ಮನೆಯ ಇನ್ನೊಬ್ಬರು ಪಶುವೈದ್ಯರಿಗೆ ಫೋನ್ ಹಚ್ಚಿರಬೇಕು. ನಾಯಿಗೆ ಏನಾದರೂ ಆಗುತ್ತದೋ ನೋಡೋಣ ಎಂದು ಕಾಯುವುದೇ ಇಲ್ಲಿ ಅತಿ ದೊಡ್ಡ ಅಪಾಯ. ಹೊಟ್ಟೆಯಲ್ಲಿರುವ ಮಾತ್ರೆಯನ್ನು ಹೊರತೆಗೆಸಲು ಒಳ್ಳೆಯ ಸಮಯ ಸಾಮಾನ್ಯವಾಗಿ ಮೊದಲ ಒಂದೆರಡು ಗಂಟೆ. ಲಕ್ಷಣ ಕಾಣುವ ಹೊತ್ತಿಗೆ ಆ ಸಮಯ ದಾಟಿರುತ್ತದೆ.

ಡಾಕ್ಟರ್ ಕೇಳುವ ನಾಲ್ಕು ಪ್ರಶ್ನೆ

ಏನು ತಿಂತು? ಎಷ್ಟು ತಿಂತು? ಯಾವಾಗ ತಿಂತು? ನಾಯಿಯ ತೂಕ ಎಷ್ಟು?

ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಡಾಕ್ಟರಿಗೆ ಅರ್ಧ ಕೆಲಸ ಆದಂತೆ. ಒಂದೊಂದಾಗಿ ನೋಡೋಣ.

ಏನು? ಇಲ್ಲೇ ನಮ್ಮ ಊರಿನ ಪದ್ಧತಿ ತೊಡಕು ಮಾಡುತ್ತದೆ. ಮೆಡಿಕಲ್ ಶಾಪಿನವರು ಹತ್ತು ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ ಆರು ಕೊಡುತ್ತಾರೆ. ಹೆಸರು, ಮಿಲಿಗ್ರಾಂ, ತಾರೀಕು ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಅಜ್ಜಿಯನ್ನು ಕೇಳಿದರೆ “ಆ ಕೆಂಪು ಮಾತ್ರೆ, ರಾತ್ರಿ ತಗೊಳ್ಳುವುದು” ಎನ್ನುತ್ತಾರೆ. ಕೆಂಪು ಮಾತ್ರೆ ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ಹಿರಿಯರು ಬರುವ ಮೊದಲೇ ಹೇಳಿ: ಪೂರ್ತಿ ಸ್ಟ್ರಿಪ್ ತನ್ನಿ, ಡಾಕ್ಟರ ಚೀಟಿ ತನ್ನಿ. ವಿಮಾನ ನಿಲ್ದಾಣದ ತಪಾಸಣೆಗೂ ಅದು ಒಳ್ಳೆಯದು.

ಬ್ರ್ಯಾಂಡ್ ಹೆಸರಿನ ಜೊತೆ ಒಳಗಿನ ಮದ್ದಿನ ಹೆಸರನ್ನೂ ಹೇಳಿ. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ತಯಾರಿಸುವ ಡೋಲೋ 650 ನಮ್ಮೂರಲ್ಲಿ ಮನೆಮಾತು. ಇಲ್ಲಿನ ಪಶುವೈದ್ಯರಿಗೆ ಆ ಹೆಸರು ಹೊಸದಿರಬಹುದು. “ಪ್ಯಾರಾಸಿಟಮಾಲ್, 650 ಮಿಲಿಗ್ರಾಂ” ಎಂದರೆ ತಕ್ಷಣ ಅರ್ಥವಾಗುತ್ತದೆ. ಅಮೆರಿಕದಲ್ಲಿರುವ ಓದುಗರು ಅದನ್ನೇ ಅಸೆಟಮಿನೊಫೆನ್ ಎನ್ನಬೇಕು, ಅಲ್ಲಿನ ಟೈಲೆನಾಲ್ ಅದೇ. ನಾವು ಸಾಲ್ಬುಟಮಾಲ್ ಎನ್ನುವ ಆಸ್ತಮಾ ಮದ್ದು ಅಲ್ಲಿ ಆಲ್ಬ್ಯುಟೆರಾಲ್. ಒಂದೇ ವಸ್ತುವಿಗೆ ಎರಡು ಹೆಸರು ಇರುತ್ತದೆಂದು ನಮ್ಮ ಎರಡು ಭಾಷೆಯ ಮಕ್ಕಳಿಗೆ ಬೇರೆ ಹೇಳಿಕೊಡಬೇಕಾಗಿಲ್ಲ!

ಎಷ್ಟು? ಖಾಲಿಯಾದ ಗುಳಿಗಳನ್ನು ಎಣಿಸಿ. ಅಜ್ಜಿ ತೆಗೆದುಕೊಂಡದ್ದನ್ನು ಕಳೆಯಿರಿ. ನೆಲದಲ್ಲಿ ಸಿಕ್ಕಿದ್ದನ್ನು ಕಳೆಯಿರಿ. ಉಳಿದದ್ದೆಲ್ಲ ನಾಯಿಯ ಹೊಟ್ಟೆಯಲ್ಲಿದೆ ಎಂದುಕೊಳ್ಳಿ. ಅನುಮಾನ ಇದ್ದರೆ ಹೆಚ್ಚಿನ ಸಂಖ್ಯೆಯನ್ನೇ ಹೇಳಿ. ಸ್ಟ್ರಿಪ್ಪಿನ ಹಾಳೆಯನ್ನೂ ನುಂಗಿದ್ದರೆ ಅದನ್ನೂ ಹೇಳಿ, ಅದರ ಅಂಚು ಹರಿತ.

ಯಾವಾಗ? ನಿಖರ ಗೊತ್ತಿಲ್ಲದಿದ್ದರೆ, “ನಾಲ್ಕು ಗಂಟೆಗೆ ನೋಡಿದಾಗ ಕವರ್ ಸರಿಯಿತ್ತು, ಐದೂವರೆಗೆ ಹರಿದಿತ್ತು” ಎಂದರೆ ಸಾಕು.

ತೂಕ? ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ಮಕ್ಕಳಿಗೆ ಕಳೆಯುವ ಲೆಕ್ಕವನ್ನು ಕನ್ನಡದಲ್ಲಿ ಮಾಡಿಸಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಈ ವಾರವೇ ಮಾಡಿ ಫ್ರಿಜ್ಜಿನ ಮೇಲೆ ಬರೆದಿಡಿ.

ತೂಕ ಯಾಕೆ ಅಷ್ಟು ಮುಖ್ಯ? ನಾಯಿಯ ಒಂದು ಕೆ.ಜಿ. ತೂಕಕ್ಕೆ 75ರಿಂದ 100 ಮಿಲಿಗ್ರಾಂ ದಾಟಿ ಪ್ಯಾರಾಸಿಟಮಾಲ್ ಹೋದರೆ ಯಕೃತ್ತಿಗೆ ಅಪಾಯ. ಆರು ಕೆ.ಜಿ.ಯ ಶಿಟ್ಜು ಒಂದೇ ಒಂದು ಡೋಲೋ 650 ನುಂಗಿದರೂ ಕೆ.ಜಿ.ಗೆ 108 ಮಿಲಿಗ್ರಾಂ ಆಗುತ್ತದೆ. ಅದೇ ಮಾತ್ರೆ 30 ಕೆ.ಜಿ.ಯ ಲ್ಯಾಬ್ರಡಾರ್ ನುಂಗಿದರೆ ಕೆ.ಜಿ.ಗೆ 22 ಮಿಲಿಗ್ರಾಂಗಿಂತ ಕಡಿಮೆ. ಆದರೂ ಲ್ಯಾಬ್ರಡಾರ್ ಸಾಕಿದವರೂ ಫೋನ್ ಮಾಡಲೇಬೇಕು. ಲೆಕ್ಕದ ತೀರ್ಮಾನ ಡಾಕ್ಟರದ್ದು, ಅಂಕಿ ಕೊಡುವುದಷ್ಟೇ ನಮ್ಮ ಕೆಲಸ.

ನಮ್ಮ ಮನೆಗಳಲ್ಲಿ ಇರುವ ಮಾತ್ರೆಗಳು

ಪ್ಯಾರಾಸಿಟಮಾಲ್: ಪನಡಾಲ್, ಡೋಲೋ, ಕ್ರೋಸಿನ್. ನಾಯಿಗೆ ಯಕೃತ್ತು ಕೆಡುತ್ತದೆ. ಹೆಚ್ಚಾದರೆ ರಕ್ತ ಆಮ್ಲಜನಕ ಹೊರಲಾರದಂತಾಗಿ ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದಬಹುದು. ಬೆಕ್ಕಿಗಂತೂ ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಇದಕ್ಕೆ ಪ್ರತಿಮದ್ದು ಇದೆ, ಎನ್-ಅಸಿಟೈಲ್‌ಸಿಸ್ಟೀನ್. ಬೇಗ ಕೊಟ್ಟಷ್ಟೂ ಒಳ್ಳೆಯದು.

ನೋವಿನ ಮಾತ್ರೆ: ಬ್ರೂಫೆನ್, ವೋಲ್ಟರೆನ್, ನ್ಯಾಪ್ರಾಕ್ಸೆನ್. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಪ್ರಮಾಣ ಹೆಚ್ಚಾದರೆ ಮೂತ್ರಪಿಂಡ ನಿಲ್ಲುತ್ತದೆ. ಟಾರಿನಂಥ ಕಪ್ಪು ಮಲ, ರಕ್ತದ ವಾಂತಿ ಇದರ ಗುರುತು. ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್, 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಎರಡೂ ಇವೆ, ಎರಡನ್ನೂ ಹೇಳಬೇಕು.

ವಿಟಮಿನ್ ಡಿ: ಇದನ್ನು ಯಾರೂ ಮದ್ದೆಂದೇ ಎಣಿಸುವುದಿಲ್ಲ. ಬಿಸಿಲಿನ ನಾಡಿನಲ್ಲಿದ್ದೂ ಬಿಸಿಲಿಗೆ ಹೋಗದ ನಮಗೆಲ್ಲ ಇಲ್ಲಿನ ಡಾಕ್ಟರು ಬರೆದುಕೊಡುವ 50,000 ಯೂನಿಟ್ಟಿನ ಗುಳಿಗೆ, ಊರಿನಿಂದ ಬರುವ 60,000 ಯೂನಿಟ್ಟಿನ ಪುಡಿ. ನಾಯಿಗೆ ಕೆ.ಜಿ.ಗೆ ಸುಮಾರು 4,000 ಯೂನಿಟ್ಟಿನಿಂದಲೇ ತೊಂದರೆ ಶುರು. ಐದು ಕೆ.ಜಿ.ಯ ನಾಯಿ ಒಂದು ಪೊಟ್ಟಣ ನೆಕ್ಕಿದರೆ ಕೆ.ಜಿ.ಗೆ 12,000. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಹಾಳಾಗುತ್ತದೆ. ಮೊದಲ ಅರ್ಧ ದಿನ ನಾಯಿ ಆರಾಮಾಗಿಯೇ ಓಡಾಡಿಕೊಂಡಿರಬಹುದು.

ಶುಗರಿನ ಮಾತ್ರೆ: ಮೆಟ್‌ಫಾರ್ಮಿನ್ ಮಾತ್ರ ಇದ್ದರೆ ಸಾಮಾನ್ಯವಾಗಿ ವಾಂತಿ-ಭೇದಿಯಲ್ಲಿ ಮುಗಿಯುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಇದ್ದರೆ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಿ, ನಡುಗಿ, ಬಿದ್ದುಬಿಡಬಹುದು. ಎಷ್ಟೋ ಮಾತ್ರೆಗಳಲ್ಲಿ ಎರಡೂ ಸೇರಿರುತ್ತವೆ.

ಬಿಪಿ ಮತ್ತು ಹೃದಯದ ಮಾತ್ರೆ: ಅಮ್ಲೋಡಿಪಿನ್, ಅಟೆನೊಲಾಲ್, ಮೆಟೊಪ್ರೊಲಾಲ್. ಚಿಕ್ಕ ನಾಯಿಗೆ ಒಂದೆರಡು ಮಾತ್ರೆಯೂ ಗಂಡಾಂತರ. ತಡ ಮಾಡುವಂತಿಲ್ಲ.

ಆಸ್ತಮಾ ಇನ್ಹೇಲರ್: ಧೂಳಿನ ಬಿರುಗಾಳಿಯ ಈ ಊರಿನಲ್ಲಿ ಮಕ್ಕಳ ಬ್ಯಾಗಿನಲ್ಲಿ ವೆಂಟೊಲಿನ್ ಇರುವುದು ಅಪರೂಪವೇನಲ್ಲ. ಅದರ ಡಬ್ಬಿಯಲ್ಲಿ 200 ಸಲಕ್ಕಾಗುವಷ್ಟು ಮದ್ದು ಇರುತ್ತದೆ. ನಾಯಿ ಕಚ್ಚಿ ತೂತು ಮಾಡಿದರೆ ಅದು ಒಮ್ಮೆಲೇ ಬಾಯಿಗೆ ನುಗ್ಗುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ರಕ್ತದ ಪೊಟ್ಯಾಶಿಯಂ ಇಳಿಯುತ್ತದೆ. ಶಾಲೆಯ ಬ್ಯಾಗನ್ನು ನೆಲದ ಮೇಲೆ ಬಿಸಾಡುವ ಮಕ್ಕಳಿಗೆ ಇದನ್ನು ಹೇಳಲೇಬೇಕು.

ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್, ಕೆಲವು ಚೀಪುವ ಮಾತ್ರೆ, ಸಿರಪ್: ಇವುಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇದ್ದರೆ ನಾಯಿಯ ರಕ್ತದ ಸಕ್ಕರೆ ಅರ್ಧ ಗಂಟೆಯೊಳಗೇ ಕುಸಿಯಬಹುದು, ಆಮೇಲೆ ಯಕೃತ್ತು ಕೆಡಬಹುದು.

ಥೈರಾಯ್ಡಿನ ಮಾತ್ರೆಯನ್ನು ನಾಯಿ ಉಳಿದವುಗಳಿಗಿಂತ ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ಪೂರ್ತಿ ಸೀಸೆ ಖಾಲಿ ಮಾಡಿದ್ದರೆ ಅದಕ್ಕೂ ಫೋನ್ ಮಾಡಿ.

ಮನೆಮದ್ದು ಬೇಡ

ಹಿರಿಯರು ಇರುವ ಮನೆಯಲ್ಲಿ ಈ ಭಾಗ ಜೋರಾಗಿ ಓದಿ ಹೇಳಿ. ವಿಷ ಹೊಟ್ಟೆಗೆ ಹೋದರೆ ಉಪ್ಪುನೀರು ಕುಡಿಸು, ಹುಣಸೆಹಣ್ಣಿನ ನೀರು ಕುಡಿಸು, ಹಾಲು ಕೊಡು, ಮಜ್ಜಿಗೆ ಕೊಡು ಎಂಬುದು ಅವರು ಕಂಡು ಕೇಳಿದ್ದು. ಕಾಳಜಿಯಿಂದಲೇ ಹೇಳುತ್ತಾರೆ.

ಉಪ್ಪುನೀರು ಕುಡಿಸಿದರೆ ನಾಯಿಯ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು, ಅದರಿಂದಲೇ ಸಾಯಬಹುದು. ಹುಣಸೆ ಇನ್ನೂ ವಿಚಿತ್ರ. ದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಯಾಕೆ ಕೆಡುತ್ತದೆ ಎಂಬುದು ಬಹಳ ಕಾಲ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಪಶುವೈದ್ಯರು ಅದಕ್ಕೆ ಕಾರಣ ಟಾರ್ಟಾರಿಕ್ ಆಮ್ಲ ಇರಬೇಕೆಂದು ಬರೆದರು. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ, ಹುಣಸೆ ತಿಂದ ನಾಯಿಗಳಲ್ಲೂ ಅದೇ ತೊಂದರೆ ಕಂಡಿದೆ. ಅಂದರೆ ಒಂದು ವಿಷ ತೆಗೆಯಲು ಇನ್ನೊಂದನ್ನು ಕುಡಿಸಿದಂತೆ. ನಾವು ಉಣ್ಣುವ ಸಾರು-ಹುಳಿಯನ್ನು ನಾಯಿಗೆ ಹಾಕದಿರಲು ಇದೂ ಒಂದು ಕಾರಣ.

ಹಾಲು, ಮಜ್ಜಿಗೆ ವಿಷವನ್ನು ಹೀರುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ವಾಂತಿ ಮಾಡಿಸುವ ವೀಡಿಯೊಗಳು ಎಲ್ಲೆಡೆ ಇವೆ. ಡಾಕ್ಟರ್ ಫೋನಿನಲ್ಲಿ ಇದ್ದು, ನಾಯಿಯ ತೂಕ ಕೇಳಿ, ಅಳತೆ ಹೇಳಿದರೆ ಮಾತ್ರ, ಅದೂ 3 ಶೇಕಡಾದ್ದು. ಬೆಕ್ಕಿಗೆ ಯಾವತ್ತೂ ಬೇಡ. ತೂಕಡಿಸುವ, ನಡುಗುವ, ಉಸಿರಿಗೆ ಒದ್ದಾಡುವ ನಾಯಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಪಗ್, ಶಿಟ್ಜುವಿನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಈ ಅಪಾಯ ಹೆಚ್ಚು.

ಕ್ಲಿನಿಕ್ಕಿಗೆ ಹೋಗುವಾಗ

ಕುವೈತಿನಲ್ಲಿ ಖಾಸಗಿ ಪಶುವೈದ್ಯ ಕ್ಲಿನಿಕ್ಕುಗಳಿವೆ. ಆದರೆ ಎಲ್ಲವೂ ರಾತ್ರಿ ತೆರೆದಿರುವುದಿಲ್ಲ, ಶುಕ್ರವಾರದ ಬೆಳಗಿನ ಹೊತ್ತು ಎಲ್ಲರೂ ಸಿಗುವುದಿಲ್ಲ. ಆಪತ್ತು ಬರುವ ಮೊದಲೇ ನಿಮ್ಮ ಕ್ಲಿನಿಕ್ಕಿಗೆ ಒಂದು ಫೋನ್ ಮಾಡಿ ಕೇಳಿಡಿ: ರಾತ್ರಿ ಯಾರು ನೋಡುತ್ತಾರೆ? ಶುಕ್ರವಾರ ಯಾರು? ರಂಜಾನ್ ತಿಂಗಳಲ್ಲಿ ಸಮಯ ಏನು? ಎರಡು ನಂಬರ್ ಬರೆದಿಟ್ಟುಕೊಳ್ಳಿ. ಹೊರಡುವ ಮೊದಲು “ಬರ್ತಿದ್ದೇವೆ” ಎಂದು ತಿಳಿಸಿ. ಎಲ್ಲ ಟ್ಯಾಕ್ಸಿಯವರೂ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ. ಕಾರಿಲ್ಲದವರು ಯಾವ ಗೆಳೆಯರನ್ನು ಕರೆಯಬಹುದು ಎಂದು ಈಗಲೇ ಮಾತಾಡಿಡಿ.

ಬೇಸಿಗೆಯಾದರೆ ಕಾರಿನ ಎಸಿ ಹಾಕಿ ತಣ್ಣಗಾದ ಮೇಲೆ ನಾಯಿಯನ್ನು ಕೂರಿಸಿ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ದೇಶ ಇದು. ಕಾರಿನೊಳಗಿನ ಬಿಸಿಗೇ ನಾಯಿ ಏದುಸಿರು ಬಿಟ್ಟರೆ, ವಿಷದಿಂದಲೋ ಸೆಖೆಯಿಂದಲೋ ತಿಳಿಯುವುದಿಲ್ಲ.

ಅಲ್ಲಿ ಡಾಕ್ಟರ್ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಬಹುದು, ವಿಷ ಹೀರುವ ಇದ್ದಿಲ ಪುಡಿ ಕುಡಿಸಬಹುದು, ಡ್ರಿಪ್ ಹಾಕಬಹುದು, ರಕ್ತ ಪರೀಕ್ಷೆ ಮಾಡಬಹುದು. ಕೆಲವು ಮದ್ದುಗಳಿಗೆ ಎರಡು ಮೂರು ದಿನ ಅಲ್ಲೇ ಇಟ್ಟುಕೊಳ್ಳಬೇಕಾಗಬಹುದು. ಯಾಕೆಂದು ಕೇಳಿ ತಿಳಿದುಕೊಳ್ಳಿ, ಮಕ್ಕಳಿಗೂ ಹೇಳಿ.

ಬೇರೆ ದೇಶಗಳಲ್ಲಿರುವ ಓದುಗರಿಗೆ: ಅಮೆರಿಕದಲ್ಲಿ ಎಎಸ್‌ಪಿಸಿಎ ವಿಷ ನಿಯಂತ್ರಣ ಕೇಂದ್ರ 888-426-4435, ಪೆಟ್ ಪಾಯಿಸನ್ ಹೆಲ್ಪ್‌ಲೈನ್ 855-764-7661. ಬ್ರಿಟನ್ನಿನಲ್ಲಿ ಅನಿಮಲ್ ಪಾಯಿಸನ್‌ಲೈನ್ 01202 509000. ಹಗಲುರಾತ್ರಿ ಸಿಗುತ್ತವೆ, ಶುಲ್ಕ ಇರುತ್ತದೆ. ಕುವೈತಿನಲ್ಲಿರುವವರು ದೂರದ ನಂಬರಿಗಿಂತ ಹತ್ತಿರದ ಕ್ಲಿನಿಕ್ಕನ್ನೇ ಮೊದಲು ಹಿಡಿಯಿರಿ.

ಹೇಳಲು ಬೇಕಾದ ಮಾತುಗಳು

“ಅಜ್ಜೀ, ಡಾಗ್ ಟ್ಯಾಬ್ಲೆಟ್ ಕಚ್ತು!” ಎಂದು ಮಗು ಕೂಗಿದರೆ ಅಜ್ಜಿಗೆ ಏನು ಅನ್ನಿಸಬಹುದು? ಮೊಮ್ಮಗ ದಿನವಿಡೀ ಆಡುವ ಆ ಪರದೆಯ ಟ್ಯಾಬ್ಲೆಟ್ಟೇ ಇರಬೇಕು, ಹೋಗಲಿ ಬಿಡು, ಅದಕ್ಕೆ ಕಾಟ ತಪ್ಪಿತು ಎಂದುಕೊಂಡು ಸುಮ್ಮನಾದರೂ ಆದಾರು. “ಅಜ್ಜೀ, ನಾಯಿ ನಿಮ್ಮ ಮಾತ್ರೆ ನುಂಗ್ತು” ಎಂದರೆ ಎದ್ದು ಓಡಿ ಬರುತ್ತಾರೆ. ಹಗಲು ಹೊತ್ತಿನಲ್ಲಿ ನೀವು ಆಫೀಸಿನಲ್ಲಿ ಇರುತ್ತೀರಿ. ಮನೆಯಲ್ಲಿರುವುದು ಕನ್ನಡ ಮಾತ್ರ ಬರುವ ಅಜ್ಜಿ, ಇಂಗ್ಲಿಷ್ ಸಲೀಸಾದ ಮೊಮ್ಮಗ. ಇಬ್ಬರ ನಡುವಿನ ಸೇತುವೆ ಕನ್ನಡವೇ. ಫೋನಿನಲ್ಲಿ ಡಾಕ್ಟರ ಜೊತೆ ಇಂಗ್ಲಿಷಿನಲ್ಲಿ ಮಾತಾಡಬೇಕಾದವನೂ ಆ ಮೊಮ್ಮಗನೇ ಇರಬಹುದು. ಎರಡು ಭಾಷೆ ಬರುವ ಮಗು ಇಲ್ಲಿ ನಿಜವಾಗಿ ಜೀವ ಉಳಿಸಬಲ್ಲದು.

ನಿಮ್ಮ ಮನೆಯಲ್ಲಿ ಯಾವ ಮಾತು ಬಳಕೆಯಲ್ಲಿದೆಯೋ ಅದನ್ನೇ ಕಲಿಸಿ. ಮಂಗಳೂರು, ಉಡುಪಿ, ಕಾಸರಗೋಡಿನವರು ಮದ್ದು ಎನ್ನುತ್ತೀರಿ, ಬೆಂಗಳೂರು-ಮೈಸೂರಿನವರು ಮಾತ್ರೆ, ಧಾರವಾಡದ ಕಡೆಯವರು ಗುಳಿಗಿ. ಯಾವುದಾದರೂ ಸರಿ. ಆದರೆ ಮಾತ್ರೆಯನ್ನು ಮಗುವಿಗೆ ನುಂಗಿಸಲು “ಚಾಕಲೇಟ್ ತಿನ್ನು, ಪೆಪ್ಪರ್‌ಮಿಂಟ್ ತಿನ್ನು” ಎಂದು ಮಾತ್ರ ಹೇಳಬೇಡಿ.

ಇನ್ನು ಕ್ರಿಯಾಪದಗಳು. ನೆಕ್ಕಿತು, ಕಚ್ಚಿತು, ಅಗಿಯಿತು, ನುಂಗಿತು. ಇಂಗ್ಲಿಷಿನ ಒಂದು ‘ಈಟ್’ ಮಾತಿನಲ್ಲಿ ಕರಗಿಹೋಗುವ ವ್ಯತ್ಯಾಸ ಇವುಗಳಲ್ಲಿ ಉಳಿಯುತ್ತದೆ. ನೆಕ್ಕಿದ್ದಕ್ಕೂ ನುಂಗಿದ್ದಕ್ಕೂ ಚಿಕಿತ್ಸೆಯೇ ಬೇರೆ. ಲಕ್ಷಣಗಳ ಮಾತುಗಳನ್ನೂ ಕಲಿಸಿ: ಜೊಲ್ಲು ಸುರೀತಿದೆ, ವಾಂತಿ ಮಾಡ್ತು, ನಡುಗ್ತಿದೆ, ತೂಗಾಡ್ತಿದೆ, ಮಂಕಾಗಿದೆ, ಏದುಸಿರು ಬಿಡ್ತಿದೆ, ಒಸಡು ಬೆಳ್ಳಗಾಗಿದೆ. ಆಟದ ಹಾಗೆ ಆಡಿಸಿ. ಒಬ್ಬರು ನಾಯಿಯಾಗಿ ನಟಿಸಲಿ, ಇನ್ನೊಬ್ಬರು ಕನ್ನಡದಲ್ಲಿ ಹೇಳಲಿ, ಮತ್ತೊಬ್ಬರು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಲಿ. ಶಾಲೆಯಲ್ಲಿ ಅರಬಿ ಕಲಿಯುವ ಮಕ್ಕಳಿದ್ದರೆ ಒಂದು ಸ್ವಾರಸ್ಯ ತೋರಿಸಿ: ಅರಬಿಯಲ್ಲಿ ಮದ್ದಿಗೆ ದವಾ. ಉತ್ತರ ಕರ್ನಾಟಕದ ಅಜ್ಜ ಆಸ್ಪತ್ರೆಗೆ ದವಾಖಾನೆ ಎನ್ನುವಾಗ ಅದೇ ಮಾತು ಕನ್ನಡದೊಳಗೆ ಕೂತಿದೆ. ಬೈತರಿ ಎಂದರೆ ಪಶುವೈದ್ಯ, ಕ್ಲಿನಿಕ್ಕಿನ ಬೋರ್ಡಿನಲ್ಲಿ ಹುಡುಕಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ನಿಮ್ಮ ಬಾಯಿಂದ ಬರುವುದು. ಹರಿದ ಕವರ್ ನೋಡಿದ ತಕ್ಷಣ “ಯಾರು ಮಾಡಿದ್ದು ಇದು?” ಎಂದು ಗುಡುಗಿದರೆ ಮಗು ಬಾಯಿ ಮುಚ್ಚುತ್ತದೆ. ಬಾಗಿಲು ತೆರೆದು ಬಿಟ್ಟದ್ದು ತಾನೇ ಎಂದು ಅದಕ್ಕೆ ಗೊತ್ತಿರುತ್ತದೆ. ನಾಯಿಗೆ ಮಾತ್ರೆ ಕೊಟ್ಟದ್ದೂ ತಾನೇ ಇರಬಹುದು. ಬೈಗುಳದ ಭಯಕ್ಕೆ “ನಂಗೊತ್ತಿಲ್ಲ” ಎಂದರೆ ನಾಲ್ಕು ಪ್ರಶ್ನೆಗಳಿಗೂ ಉತ್ತರ ಹೋಯಿತು. ‘ಯಾರು’ ಎಂಬ ಪ್ರಶ್ನೆ ಡಾಕ್ಟರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. “ಎಂತ ಆಯ್ತು ಪುಟ್ಟಾ? ಹೇಳು, ಬೈಯುವುದಿಲ್ಲ” ಎನ್ನಿ. ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ. ಮನೆಗೆಲಸಕ್ಕೆ ಬರುವವರಿಗೂ, ಅಜ್ಜಿಗೂ ಇದೇ ನಿಯಮ. “ನಿಮ್ಮ ಮಾತ್ರೆಯಿಂದಲೇ ಹೀಗಾಯ್ತು” ಎಂಬ ಮಾತು ಹಿರಿಯರ ಮನಸ್ಸಿನಿಂದ ಬೇಗ ಹೋಗುವುದಿಲ್ಲ.

ಈ ವಾರ ಮಾಡಬಹುದಾದ ಕೆಲಸ

ಮನೆಯ ಎಲ್ಲ ಮಾತ್ರೆಗಳನ್ನು ಒಂದು ಕಡೆ ಸೇರಿಸಿ: ಕೈಚೀಲ, ಆಫೀಸಿನ ಬ್ಯಾಗ್, ದಿಂಬಿನ ಕೆಳಗೆ, ಕಾರಿನ ಡ್ಯಾಶ್‌ಬೋರ್ಡ್. ಕಾರಿನ ಬಿಸಿಯಲ್ಲಿ ಮದ್ದು ಇಡುವುದು ಹೇಗೂ ಸರಿಯಲ್ಲ. ಎಲ್ಲವೂ ಎತ್ತರದ, ಬಾಗಿಲಿರುವ ಕಪಾಟಿಗೆ ಹೋಗಲಿ. ವಾರದ ದಿನಗಳ ಪ್ಲಾಸ್ಟಿಕ್ ಮಾತ್ರೆ ಡಬ್ಬಿ ಹಿರಿಯರಿಗೆ ಅನುಕೂಲ, ಆದರೆ ನಾಯಿಗೆ ಅದು ಸದ್ದು ಮಾಡುವ ಆಟಿಕೆ. ಒಮ್ಮೆ ಕಚ್ಚಿದರೆ ಏಳು ದಿನದ ಮದ್ದು ಒಟ್ಟಿಗೇ ಹೊಟ್ಟೆಗೆ ಹೋಗುತ್ತದೆ. ಅದೂ ಮೇಲೆಯೇ ಇರಲಿ. ಮಾತ್ರೆ ಕೈಜಾರಿ ಬಿದ್ದರೆ ಮೊದಲು ನಾಯಿಯನ್ನು ಹೊರಗೆ ಕಳಿಸಿ, ಆಮೇಲೆ ಹುಡುಕಿ. ಅಜ್ಜನ ಮಂಡಿಗೆ ಹಚ್ಚಿದ ನೋವಿನ ಜೆಲ್ಲನ್ನು ನಾಯಿ ನೆಕ್ಕದಂತೆ ನೋಡಿ.

ಆಮೇಲೆ ಅಜ್ಜ-ಅಜ್ಜಿಯ ಪಕ್ಕ ಮೊಮ್ಮಗಳನ್ನು ಕೂರಿಸಿ ಒಂದು ಪಟ್ಟಿ ಬರೆಸಿ. ಒಂದು ಸಾಲಿನಲ್ಲಿ ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಎಷ್ಟು ಮಿಲಿಗ್ರಾಂ, ಅದರ ಪಕ್ಕದಲ್ಲಿ ಕನ್ನಡದಲ್ಲಿ ಯಾವುದಕ್ಕೆ, ಯಾವಾಗ. “ಅಜ್ಜ, ಇದನ್ನ ಯಾಕೆ ತಗೊಳ್ತೀರಿ?” “ಬಿಪಿಗೆ ಮಗಾ, ಬೆಳಿಗ್ಗೆ ತಿಂಡಿ ಆದ ಮೇಲೆ.” ಅವಳು ಬರೆಯುತ್ತಾಳೆ: ಬಿಪಿ, ಬೆಳಿಗ್ಗೆ, ತಿಂಡಿಯ ನಂತರ. ಒತ್ತಕ್ಷರ ತಪ್ಪಿದರೆ ಅಜ್ಜ ತಿದ್ದುತ್ತಾರೆ. ಹತ್ತು ಮಾತ್ರೆಗೆ ಹತ್ತು ಸಾಲು. ಕನ್ನಡ ಬರೆಸಲು ನೆಪ ಹುಡುಕುವ ನಮಗೆ ಇದಕ್ಕಿಂತ ಉಪಯೋಗದ ಬರವಣಿಗೆ ಬೇರೆ ಸಿಗದು. ಅಜ್ಜನಿಗೇ ಎಂದಾದರೂ ಆಸ್ಪತ್ರೆಗೆ ಹೋಗಬೇಕಾಗಿ ಬಂದರೂ ಅದೇ ಪಟ್ಟಿ ಕೈಗೆ ಬರುತ್ತದೆ.

ಪಟ್ಟಿಯ ಕೆಳಗೆ ನಾಯಿಯ ಹೆಸರು, ತೂಕ, ಕ್ಲಿನಿಕ್ಕಿನ ಎರಡು ನಂಬರ್, 112, ಮತ್ತು ನಾಲ್ಕು ಪ್ರಶ್ನೆ: ಏನು, ಎಷ್ಟು, ಯಾವಾಗ, ತೂಕ ಎಷ್ಟು. ಫ್ರಿಜ್ಜಿನ ಬಾಗಿಲಿಗೆ, ಮಗುವಿನ ಕಣ್ಣಿಗೆ ಬೀಳುವ ಎತ್ತರದಲ್ಲಿ ಅಂಟಿಸಿ.